ಲುತ್ಫಿ ಡಾಕ್ಟರರ ಬೆಳಕಿನ ಅಂಟು

ಡಾಕ್ಟರ್ ಲುತ್ಫಿ ಬದ್ರಾನ್ ಯಾರ ಮನೆಗೆ ಹೋದರೂ ಕೂರುವ ಮೊದಲು ಒಂದು ಸಂದು ಹುಡುಕುತ್ತಿದ್ದರು. ಬಾಗಿಲ ಚೌಕಟ್ಟು ಗೋಡೆಯನ್ನು ಸೇರುವ ಜಾಗ, ಮೇಜಿನ ಎರಡು ಹಲಗೆಗಳು ಕೂಡುವ ಗೆರೆ, ಹೊಸದಾಗಿ ಬಣ್ಣ ಹೊಡೆಸಿದ ಮೆಟ್ಟಿಲ ಕಂಬಿಯ ಬೆಸುಗೆ, ಹೀಗೆ ಎಲ್ಲೆಲ್ಲಿ ಎರಡು ವಸ್ತುಗಳು ತಾವು ಒಂದೇ ಎಂದು ನಟಿಸುತ್ತಿರುತ್ತವೆಯೋ ಅಲ್ಲೆಲ್ಲ ಅವರ ಎಡಗೈ ಹೆಬ್ಬೆರಳಿನ ಉಗುರು ಮೆಲ್ಲಗೆ ಹರಿದಾಡಿ, ಎಲ್ಲೋ ಒಂದೆಡೆ ತಡವರಿಸಿ ನಿಲ್ಲುತ್ತಿತ್ತು. ಆ ಉಗುರನ್ನು ಅದಕ್ಕೆಂದೇ ಅವರು ಕೊಂಚ ಉದ್ದ ಬಿಟ್ಟಿದ್ದರು. ನಿಂತೊಡನೆ ತಲೆಯೆತ್ತಿ, ಮನೆಯ ಯಜಮಾನನ ಮುಖವನ್ನು ಅಪಾರ ಅನುಕಂಪದಿಂದ ನೋಡಿ, "ನೋವಾಯ್ತಾ?" ಎನ್ನುತ್ತಿದ್ದರು. ಹಲ್ಲಿನ ವೈದ್ಯರಾಗಿ ಮೂವತ್ತನಾಲ್ಕು ವರ್ಷ ಅಲೆಕ್ಸಾಂಡ್ರಿಯಾದ ಜನರ ಹಲ್ಲು ಕೆರೆದವರ ಬಾಯಲ್ಲಿ ಉಳಿದುಹೋದ ಪ್ರಶ್ನೆ ಅದು. ಕೇಳಿಸಿಕೊಂಡವರು ನಗುತ್ತಿದ್ದರು, ನಾನೂ ನಗುತ್ತಿದ್ದೆ, ಆದರೆ ಅವರು ಹೋದ ಮೇಲೆ ಆ ಸಂದಿನ ಕಡೆ ನೋಡದೆ ಇರಲು ಯಾರಿಂದಲೂ ಆಗುತ್ತಿರಲಿಲ್ಲ.

ಅವರ ಮೈಮೇಲೆ ಸದಾ ಇರುತ್ತಿದ್ದುದು ದವಾಖಾನೆಯ ಹಳೆಯ ಬಿಳಿ ಕೋಟು. ನಿವೃತ್ತಿಯ ಮರುದಿನವೇ ಅದನ್ನು ಚಹಾದ ಕಷಾಯದಲ್ಲಿ ಅದ್ದಿ ಕಂದುಬಣ್ಣಕ್ಕೆ ತಿರುಗಿಸಿದ್ದರು, ಎದೆಯ ಮೇಲಿನ ಕಸೂತಿಯ ಹೆಸರನ್ನು ಮಾತ್ರ ಬಿಚ್ಚಿಸಿರಲಿಲ್ಲ. ಜೇಬಿನಲ್ಲಿ ಹಲ್ಲು ಕೆದಕುವ ಸೂಜಿಗಳು, ಪುಟ್ಟ ಕನ್ನಡಿ, ಲಿಂಬೆಯ ಕೊಲೋನ್ ಸುಗಂಧದ ಸೀಸೆ. ನಡೆಯುವಾಗ ಎರಡೂ ಕೈಗಳನ್ನು ಬೆನ್ನ ಹಿಂದೆ ಒಂದನ್ನೊಂದು ಹಿಡಿದು, ಗದ್ದ ಮುಂದೆ ಮಾಡಿ, ಸಮುದ್ರದಂಡೆಯ ರಸ್ತೆ ತಮ್ಮ ತಪಾಸಣೆಗೆಂದೇ ಹಾಸಿದ್ದೇನೋ ಎಂಬ ಗತ್ತಿನಲ್ಲಿ ಸಾಗುತ್ತಿದ್ದರು. ಆ ಕೈಗಳು ಯಾಕೆ ಹಾಗೆ ಪರಸ್ಪರ ಸೆರೆಯಾಗಿದ್ದವು ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ.

ನಾನು ಮೊದಲು ಅವರಿಗೆ ಸಿಕ್ಕಿದ್ದು ಬಾಯಿ ತೆರೆದ ಸ್ಥಿತಿಯಲ್ಲಿ. ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತಿದ್ದ ದಿನಗಳು, ಬಲಗಡೆಯ ದವಡೆ ಹಲ್ಲು ಹುಳುಕಾಗಿ ಮೂರು ದಿನ ನಿದ್ದೆಗೆಟ್ಟು ಹೋಗಿದ್ದೆ. ಕೆರೆದು ಗುಳಿ ಮಾಡಿ, ಅದರೊಳಗೆ ಏನನ್ನೋ ಮೆತ್ತಿ, ನೀಲಿ ಬೆಳಕಿನ ದೀಪ ಹಿಡಿದು, ಮತ್ತೆ ಮೆತ್ತಿ, ಮತ್ತೆ ದೀಪ ಹಿಡಿದು, ಮೂರನೆಯ ಸಲಕ್ಕೂ ಅದೇ ಮಾಡಿದಾಗ ನಾನು ಕೈಸನ್ನೆಯಲ್ಲಿ ಇನ್ನೆಷ್ಟು ಎಂದು ಕೇಳಿದೆ. "ಎರಡು ಮಿಲಿಮೀಟರ್, ಉಸ್ತಾಜ್. ಬೆಳಕು ಒಳಗೆ ಇಳಿಯೋದು ಅಷ್ಟೇ," ಎಂದರು. ಮೇಷ್ಟ್ರನ್ನು ನಮ್ಮಲ್ಲಿ ಉಸ್ತಾಜ್ ಎಂದೇ ಕರೆಯುವುದು. "ಒಂದೇ ಸಲಕ್ಕೆ ತುಂಬಿದ್ರೆ ಮೇಲ್ಗಡೆ ಕಲ್ಲು, ಒಳಗಡೆ ಹಸಿ ಗಂಜಿ. ರೋಗಿ ನಗ್ತಾ ಮನೆಗೆ ಹೋಗ್ತಾನೆ, ಆರು ತಿಂಗಳಿಗೆ ಬೈಕೊಂಡು ವಾಪಸ್ ಬರ್ತಾನೆ." ಆ ತುಂಬಿಕೆ ನನ್ನ ಬಾಯಲ್ಲಿ ಇಂದಿಗೂ ಗಟ್ಟಿಯಾಗಿದೆ. ಅದರ ಮೇಲೆ ನಾಲಿಗೆ ಹಾಯಿಸಿದಾಗಲೆಲ್ಲ ಆ ಮಾತು ನೆನಪಾಗುತ್ತದೆ, ಅದೇ ನನ್ನ ಸಂಕಟ.

ಇಬ್ರಾಹಿಮಿಯ್ಯಾ ಬಡಾವಣೆಯಲ್ಲಿ ಮುಚ್ಚಿದ ಕಾಗದದಂಗಡಿಯೊಂದರ ಮೇಲಿನ ಕೋಣೆಯಲ್ಲಿ ನಾವು ಹತ್ತು ಹನ್ನೆರಡು ಜನ ಗುರುವಾರ ಸಂಜೆ ಸೇರುತ್ತಿದ್ದೆವು. ವಿಮಾನ, ಟ್ಯಾಂಕು, ಹಡಗುಗಳ ಅಂಗೈಯಗಲದ ಮಾದರಿ ಕಟ್ಟುವ ಹುಚ್ಚು ನಮ್ಮದು. ಹೆಂಡಂದಿರು ಇದನ್ನು ಮುದುಕರ ಗೊಂಬೆಯಾಟ ಎನ್ನುತ್ತಿದ್ದರು, ಅದರಲ್ಲಿ ಸುಳ್ಳೇನೂ ಇರಲಿಲ್ಲ. ಡಾಕ್ಟರರು ನಮ್ಮ ಗುಂಪಿಗೆ ಬಂದಾಗ ನಾವಿನ್ನೂ ಕ್ಷಣದಲ್ಲಿ ಕಚ್ಚಿಕೊಳ್ಳುವ ಅಂಟಿನಲ್ಲಿ ಬೆರಳು ಬೆರಳಿಗೆ ಅಂಟಿಸಿಕೊಂಡು ಒದ್ದಾಡುತ್ತಿದ್ದೆವು. ದವಾಖಾನೆಯ ನೀಲಿ ದೀಪವನ್ನೂ, ಬೆಳಕು ಬಿದ್ದರೆ ಮಾತ್ರ ಗಟ್ಟಿಯಾಗುವ ಅಂಟನ್ನೂ, ಸಂದು ತುಂಬಲು ಅದೇ ಗುಣದ ಬೂದು ಪುಟ್ಟಿಯನ್ನೂ ತಂದು ಮೇಜಿನ ಮೇಲಿಟ್ಟವರು ಅವರು. ವಿಮಾನದ ಗಾಜಿನ ಮುಚ್ಚಳಕ್ಕೆ ಹಳೆಯ ಅಂಟು ಹಚ್ಚಿದರೆ ಬಿಳಿ ಮಂಜು ಕವಿಯುತ್ತಿತ್ತು. ಅವರು ಹಚ್ಚಿದ್ದು ನೀರಿನಷ್ಟು ತಿಳಿಯಾಗಿ ನಿಂತಿತು. ಪುಟ್ಟಿ ಒಣಗಲೆಂದು ಒಂದು ಹಗಲು ಕಾಯುತ್ತಿದ್ದ ನಮ್ಮೆದುರು ಅವರು ಮುಕ್ಕಾಲು ನಿಮಿಷ ದೀಪ ಹಿಡಿದು, ಮೇಲುಳಿದ ಜಿಗುಟನ್ನು ಕೊಲೋನಿನಲ್ಲಿ ಒರೆಸಿ, ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ ಕೈಗಿಟ್ಟರು. ನಾವು ಬಾಯಿ ಬಿಟ್ಟುಕೊಂಡು ನೋಡಿದೆವು.

ದೀಪ ಕೊಳ್ಳಲಾಗದ ನಾವು ಸೂರ್ಯನನ್ನೇ ದುಡಿಸಿಕೊಂಡೆವು. ಅಂಟು ಹಚ್ಚಿದವನು ಮಾದರಿಯನ್ನು ಎರಡು ಕೈಯಲ್ಲಿ ಎತ್ತಿಕೊಂಡು, "ದಾರಿ ಬಿಡ್ರಪ್ಪಾ" ಎನ್ನುತ್ತ ಬಾಲ್ಕನಿಗೆ ಓಡಿ, ಮುಳುಗುವ ಬಿಸಿಲಿಗೆ ಅದರ ಹೊಟ್ಟೆ ತೋರಿಸಿ ನಿಲ್ಲುತ್ತಿದ್ದ. ಮರುಭೂಮಿಯ ಖಮ್ಸೀನ್ ಗಾಳಿ ಎದ್ದು ಆಕಾಶವೆಲ್ಲ ಧೂಳಾದ ದಿನ ನಮ್ಮ ಅಂಟುಗಳೆಲ್ಲ ಜಿಗುಟಾಗಿಯೇ ಉಳಿಯುತ್ತಿದ್ದವು. ಡಾಕ್ಟರರ ಮನೆಯಲ್ಲಿ ಇದಕ್ಕೆ ತದ್ವಿರುದ್ಧ: ಕುಂಚದಲ್ಲಿರುವಾಗಲೇ ಅಂಟು ಗಟ್ಟಿಯಾದೀತೆಂದು ವರ್ಷವಿಡೀ ಕಿಟಕಿ ಮುಚ್ಚಿ, ಸೀಸೆಗಳಿಗೆ ಕಪ್ಪು ಕಾಲುಚೀಲ ತೊಡಿಸಿರುತ್ತಿದ್ದರು. ಎದುರುಮನೆಯವರು ಆ ಮನೆಯಲ್ಲಿ ಸೂತಕ ಮುಗಿಯುವುದೇ ಇಲ್ಲವೇ ಎಂದು ನನ್ನನ್ನು ಒಮ್ಮೆ ಕೇಳಿದ್ದರು.

ಆ ಕತ್ತಲೆ ಕೋಣೆಯಲ್ಲಿಯೇ ಅವರ ಗುಟ್ಟು ನನಗೆ ತಿಳಿದದ್ದು. ಕಾಫಿ ತಂದಿಟ್ಟು, ತಮ್ಮ ಬಟ್ಟಲನ್ನು ಮುಟ್ಟದೆ ಆರಲು ಬಿಟ್ಟಿದ್ದರು. ನಾನು ಬೇರೆ ಕಡೆ ನೋಡುತ್ತಿದ್ದೇನೆಂದು ಭಾವಿಸಿ ಬಗ್ಗಿ, ಮೇಜಿನ ಮೇಲಿದ್ದ ಬಟ್ಟಲಿಗೇ ಬಾಯಿಟ್ಟು ಹೀರಿದರು. ಮತ್ತೆ ತಲೆಯೆತ್ತಿದಾಗ ನನ್ನ ಕಣ್ಣು ಸಿಕ್ಕಿತು. ಬೆನ್ನ ಹಿಂದಿನ ಕೈಗಳನ್ನು ಮುಂದೆ ತಂದು ದೀಪದ ಕೆಳಗೆ ಚಾಚಿದರು. ಅವು ಗಾಳಿಗೆ ಸಿಕ್ಕ ಕಾಗದದ ಹಾಗೆ ನಡುಗುತ್ತಿದ್ದವು. "ದವಾಖಾನೆ ಮುಚ್ಚಿದ್ದು ಇದಕ್ಕೆ. ವಯಸ್ಸಾಯ್ತು ಅಂತ ಎಲ್ಲರಿಗೂ ಹೇಳಿದೆ," ಎಂದರು. ಆಮೇಲೆ ಅಂಟಿನ ಸೀಸೆಯನ್ನು ತೋರಿಸಿ, "ಇದು ಕಾಯುತ್ತೆ, ಉಸ್ತಾಜ್. ಹತ್ತು ಸಲ ಜಾರಿದ್ರೂ ಬೇಜಾರಿಲ್ಲ. ನಾನು ಸರಿ ಅನ್ನೋವರೆಗೂ ಕಾಯುತ್ತೆ, ಆಮೇಲೆ ದೀಪ. ನನ್ನ ಹೆಂಡ್ತಿ ಕೂಡ ಅಷ್ಟು ಕಾಯ್ಲಿಲ್ಲ," ಎಂದು ನಕ್ಕರು. ಆ ದಿನದಿಂದ ನಾನು ಅವರನ್ನು ಪ್ರೀತಿಸತೊಡಗಿದೆ. ಅದನ್ನು ಇಲ್ಲಿ ಹೇಳದಿದ್ದರೆ ಮುಂದೆ ಹೇಳುವುದು ಅನ್ಯಾಯವಾಗುತ್ತದೆ.

ಇನ್ಸಾಫ್ ನಮ್ಮ ಗುಂಪಿಗೆ ಬಂದದ್ದು ಅದಾಗಿ ಎರಡು ವರ್ಷಕ್ಕೆ. ಮದುವೆಯ ಉಡುಪುಗಳಿಗೆ ಮಣಿ ಪೋಣಿಸುವುದು ಆಕೆಯ ಕಸುಬು, ವಯಸ್ಸು ನಲವತ್ತೈದರ ಹತ್ತಿರ, ಮಾತು ಕಡಿಮೆ. ಆಕೆಯ ತಂದೆ ಕಪ್ತಾನ ಮಹ್ರೂಸ್, ಎಲ್ಲರ ಬಾಯಲ್ಲಿ ರಯ್ಯಿಸ್ ಮಹ್ರೂಸ್, ಪಶ್ಚಿಮ ಬಂದರಿನಲ್ಲಿ ದೊಡ್ಡ ಹಡಗುಗಳನ್ನು ಎಳೆದು ತರುವ 'ಮರ್ಜಾನ' ಎಂಬ ಟಗ್ ದೋಣಿಯನ್ನು ಇಪ್ಪತ್ತಾರು ವರ್ಷ ನಡೆಸಿದವರು. ದೋಣಿಯನ್ನು ಗುಜರಿಗೆ ಕತ್ತರಿಸಿಯಾಗಿತ್ತು, ಉಳಿದಿದ್ದುದು ಎರಡೇ ಫೋಟೋ. ಈಗ ಮುದುಕರ ಕಣ್ಣಿನ ನರ ಸಾಯುತ್ತ ಬಂದು, ಕೊಳವೆಯೊಳಗಿನಿಂದ ಇಣುಕಿದಷ್ಟು ಮಾತ್ರ ಲೋಕ ಕಾಣುತ್ತಿತ್ತು. ಮುಂದಿನ ಬೇಸಿಗೆ ಕಳೆಯುವುದರೊಳಗೆ ಅದೂ ಮುಚ್ಚೀತೆಂದು ವೈದ್ಯರು ಹೇಳಿದ್ದರು. ಅಷ್ಟರೊಳಗೆ ಮೊಣಕೈಯುದ್ದದ ಒಂದು ಮರ್ಜಾನವನ್ನು ಕಟ್ಟಿ ತಂದೆಗೆ ತೋರಿಸಬೇಕು, ಇದು ಆಕೆಯ ಹಟ. ಟಗ್ ನಡೆಸಿದವರ ಸಂಘದವರು ವಸಂತದ ಹಬ್ಬದಂದು, ಎಲ್ಲರೂ ಉಪ್ಪುಮೀನು ಈರುಳ್ಳಿ ತಿಂದು ಸಂಭ್ರಮಿಸುವ ಶಮ್ ಅನ್ನಸೀಮ್ ದಿನ, ಅದನ್ನು ತಮ್ಮ ಹಜಾರದಲ್ಲಿ ಇಡುವುದೆಂದು ಮಾತಾಗಿತ್ತು.

ಡಾಕ್ಟರರು ಆಕೆಯನ್ನು ಮಗಳೇ ಎಂದು ಕರೆದು, ಕೈಹಿಡಿದು ಎಲ್ಲವನ್ನೂ ಕಲಿಸಿದರು. ಪ್ಲಾಸ್ಟಿಕ್ ಹಾಳೆ ಬಗ್ಗಿಸುವುದು, ಕೂದಲೆಳೆಯ ಸಂದಿಗೆ ಸೂಜಿಯ ಮೊನೆಯಲ್ಲಿ ಅಂಟು ಇಳಿಸುವುದು, ದೀಪ ಹಿಡಿಯುವಾಗ ಕಿತ್ತಳೆ ಕನ್ನಡಕ ಹಾಕುವುದು. ಆಕೆ ಕಲಿತ ವೇಗ ನೋಡಿ ನಾವೆಲ್ಲ ಬೆರಗಾದೆವು. ಡಿಸೆಂಬರಿನ ಒಂದು ಗುರುವಾರ ಆಕೆ ಮರ್ಜಾನದ ಮೇಲ್ಗಟ್ಟೆಯ ಕಟಕಟೆಗೆ ಕೂದಲಿನಂಥ ತಂತಿಯನ್ನು ಒಂದೇ ಉಸಿರಿನಲ್ಲಿ, ಹದಿನಾಲ್ಕು ಕಂಬಗಳ ಮೂಲಕ, ಒಂದೂ ತಪ್ಪದೆ ಪೋಣಿಸಿದಳು. ಅಂದು ಡಾಕ್ಟರರು ಅದೇ ಕೆಲಸಕ್ಕೆ ತಮ್ಮ ಹಡಗಿನ ಮೇಲೆ ಒಂದೂವರೆ ಗಂಟೆ ಒದ್ದಾಡಿ ಬಿಟ್ಟಿದ್ದರು. ಹೊಲಿಗೆ ಯಂತ್ರಗಳನ್ನು ದುರಸ್ತಿ ಮಾಡುವ ನಮ್ಮ ಸಿದ್ಕಿಗೆ ನಾಲಿಗೆಗೆ ಎಲುಬಿಲ್ಲ. "ಡಾಕ್ಟ್ರೇ, ಗುರುವಿಗೇ ತಿರುಮಂತ್ರ ಆಯ್ತಲ್ಲ. ಇನ್ನು ನೀವು ಪಿಂಚಣಿ ತಗೊಳ್ಳೋದು ವಾಸಿ," ಎಂದವನು ಅಷ್ಟಕ್ಕೇ ಬಿಡದೆ ಅವರದೇ ದನಿಯಲ್ಲಿ, "ನೋವಾಯ್ತಾ?" ಎಂದ. ಎಲ್ಲರೂ ನಕ್ಕರು. ಡಾಕ್ಟರರು ಎಲ್ಲರಿಗಿಂತ ಹೆಚ್ಚು ಹೊತ್ತು ನಕ್ಕರು.

ಮರು ವಾರವೇ ಇನ್ಸಾಫ್ ದೋಣಿಯ ಹಿಂಬದಿಯನ್ನು ತಂದು ತೋರಿಸಿದಳು. ಎರಡು ಅರ್ಧಗಳು ಅಲ್ಲಿ ಸರಿಯಾಗಿ ಕೂಡದೆ ಕಿರುಬೆರಳು ಹೋಗುವಷ್ಟು ಅಗಲದ, ಅಷ್ಟೇ ಆಳದ ಬಿರುಕು ಉಳಿದಿತ್ತು. ನಮ್ಮಂಥವರು ಡಬ್ಬಿಯಲ್ಲಿ ಬಂದ ತುಂಡುಗಳನ್ನು ಜೋಡಿಸುವವರು, ನಮ್ಮ ಸಂದುಗಳೆಲ್ಲ ಕೂದಲೆಳೆಯವು, ಅಷ್ಟು ದೊಡ್ಡ ಬಿರುಕನ್ನು ಮುಚ್ಚುವ ಪ್ರಸಂಗ ಯಾರಿಗೂ ಬಂದಿರಲಿಲ್ಲ.

"ಇದಕ್ಕೆ ಬೂದು ಪುಟ್ಟಿ ತುಂಬಿಬಿಡ್ಲಾ, ಡಾಕ್ಟ್ರೇ?"

"ತುಂಬು, ಮಗಳೇ."

"ಗಟ್ಟಿಯಾಗುತ್ತಾ?"

"ದೀಪ ಹಿಡಿದ್ರೆ ಗಟ್ಟಿಯಾಗ್ದೆ ಎಲ್ಲಿಗೆ ಹೋಗುತ್ತೆ? ಒಂದು ನಿಮಿಷ ಹಿಡಿ. ಉಗುರಲ್ಲಿ ಒತ್ತಿ ನೋಡು, ಕಲ್ಲಾಗಿರುತ್ತೆ."

ದೀಪವನ್ನೂ ತಾವೇ ಕೊಟ್ಟು ಕಳಿಸಿದರು. ನಾನು ಪಕ್ಕದಲ್ಲಿಯೇ ಕೂತಿದ್ದೆ. ನನ್ನ ನಾಲಿಗೆ ತಾನಾಗಿ ಆ ದವಡೆ ಹಲ್ಲಿನ ಕಡೆ ಹೋಯಿತು. ಡಾಕ್ಟರರ ಮುಖ ನೋಡಿದೆ, ಅವರು ತಮ್ಮ ಆರಿದ ಕಾಫಿಯನ್ನು ನೋಡುತ್ತಿದ್ದರು. ಪುಟ್ಟಿಗೂ ಹಲ್ಲಿಗೂ ವ್ಯತ್ಯಾಸವಿರಬಹುದು, ಬಲ್ಲವರು ಅವರು, ನಾನು ಮಧ್ಯೆ ಬಾಯಿ ಹಾಕುವುದು ತರವಲ್ಲ, ಹೇಳುವುದಿದ್ದರೆ ಆಮೇಲೆ ಹೇಳಿಯಾರು ಎಂದೆಲ್ಲ ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡೆ. ಇನ್ಸಾಫ್ ಮನೆಗೆ ಹೋಗಿ ತುಂಬಿದಳು, ದೀಪ ಹಿಡಿದಳು, ಉಗುರಲ್ಲಿ ಒತ್ತಿದಳು. ಕಲ್ಲಾಗಿತ್ತು. ಉಜ್ಜಿ ನುಣ್ಣಗೆ ಮಾಡಿ, ಪ್ರೈಮರ್ ಹೊಡೆದು, ಅದರ ಮೇಲೆ ಮರ್ಜಾನದ ಕಪ್ಪು ಬಣ್ಣ ಬಳಿದಳು. ಇನ್ನು ಬೆಳಕಿನ ಒಂದು ಎಳೆಯೂ ಒಳಗಿಳಿಯುವ ದಾರಿ ಉಳಿಯಲಿಲ್ಲ.

ಹಬ್ಬದ ದಿನ ಸೆಕೆ ಕಾಲಕ್ಕೆ ಮುಂಚೆ ಬಂದಿತ್ತು. ಹಜಾರದಲ್ಲಿ ಉಪ್ಪುಮೀನಿನ ವಾಸನೆ, ಹಸಿ ಈರುಳ್ಳಿಯ ವಾಸನೆ, ಹಳೆಯ ನಾವಿಕರ ಗದ್ದಲ. ಮರ್ಜಾನವನ್ನು ಹಿಂದಿನ ದಿನವೇ ತಂದು ಕಿಟಕಿಯ ಬಳಿ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು, ಬಿಸಿಲು ಅದರ ಮೇಲೆ ಬೀಳುತ್ತಿತ್ತು. ಇನ್ಸಾಫ್ ತಂದೆಯ ಕೈ ಹಿಡಿದು ಕರೆತಂದು, ಪೆಟ್ಟಿಗೆ ತೆಗೆಸಿ, ಅವರ ತಲೆಯನ್ನು ಎರಡು ಕೈಯಲ್ಲಿ ಹಿಡಿದು ಕಣ್ಣಿನ ಆ ಕೊಳವೆ ಸರಿಯಾಗಿ ದೋಣಿಯ ಮೇಲೆ ಬರುವ ಹಾಗೆ ತಿರುಗಿಸಿದಳು. ಮುದುಕರು ಮುಂಬದಿಯಿಂದ ನೋಡುತ್ತ ಬಂದರು, ಚಕ್ರದ ಕೋಣೆ, ಹೊಗೆಕೊಳವೆ, ಹಗ್ಗದ ಕೊಂಡಿ, ಒಂದೊಂದಕ್ಕೂ ಒಂದೊಂದು ಬೈಗುಳ ಹಾಕಿ ಖುಷಿಪಟ್ಟರು. ಹಿಂಬದಿಗೆ ಬಂದಾಗ ಬೆರಳಿಟ್ಟರು, ಬೆರಳು ಅಂಟಿಕೊಂಡಿತು. ಕಪ್ಪು ಬಣ್ಣ ಸುಕ್ಕುಗಟ್ಟಿ ಉಬ್ಬಿ ಬಿರಿದಿತ್ತು, ಆ ಬಿರುಕಿನಿಂದ ಬೂದುಬಣ್ಣದ ಒಂದು ಲೋಳೆ ಕೆಳಗಿನ ಮರದ ಹಲಗೆಗೆ ಇಳಿದಿತ್ತು. ರಯ್ಯಿಸ್ ಮಹ್ರೂಸ್ ಬೆರಳನ್ನು ಮೂಸಿ ನೋಡಿ, "ಸರಿಯಾಗೇ ಮಾಡಿದ್ದೀಯ ಮಗಳೇ. ನಮ್ಮ ಮುಂಡೇದೂ ಹಿಂದ್ಗಡೆಯಿಂದ್ಲೇ ಸೋರ್ತಿತ್ತು," ಎಂದರು. ನಾವಿಕರು ದೊಡ್ಡದಾಗಿ ನಕ್ಕರು. ಇನ್ಸಾಫ್ ತಲೆವಸ್ತ್ರದ ತುದಿಯಿಂದ ತಂದೆಯ ಬೆರಳನ್ನು ಒರೆಸುತ್ತ ನಿಂತಳು.

ಆಗ ಡಾಕ್ಟರರು ಮುಂದೆ ಬಂದರು. ಜೇಬಿನಿಂದ ಸೂಜಿ ತೆಗೆದು, ನಡುಗುವ ಕೈಯನ್ನು ಮೇಜಿನ ಅಂಚಿಗೆ ಒತ್ತಿ ಹಿಡಿದು, ಬಿರುಕಿನೊಳಗೆ ಇಳಿಸಿದರು. ಸೂಜಿ ತಡೆಯಿಲ್ಲದೆ ಒಳಗೆ ಹೋಯಿತು, ಹೊರಬಂದಾಗ ಅದರ ತುದಿಯಲ್ಲಿ ಹಸಿ ಪುಟ್ಟಿ ಇತ್ತು. ಒಳಗೆ ಉಳಿದಿದ್ದ ಆ ಹಸಿ ಪುಟ್ಟಿ ಸುತ್ತಲಿನ ಪ್ಲಾಸ್ಟಿಕ್ಕನ್ನೂ ಕರಗಿಸಿ ಮೆತ್ತಗೆ ಮಾಡಿತ್ತು. "ಮೇಲೆ ಥಳಕು, ಒಳಗೆ ಹುಳುಕು," ಎಂದು ಸಿದ್ಕಿ ಗೊಣಗಿದ. ಡಾಕ್ಟರರು ಇನ್ಸಾಫಳ ಕಡೆ ತಿರುಗಿ, ಆ ಅಪಾರ ಅನುಕಂಪದಿಂದ, ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದರು: "ಪದರ ಪದರವಾಗಿ ಹಾಕ್ಬೇಕಿತ್ತು, ಮಗಳೇ. ನಿನಗೆ ಯಾರೂ ಹೇಳ್ಲಿಲ್ವಾ?"

ಆಕೆ ಅವರ ಮುಖವನ್ನು ಬಹಳ ಹೊತ್ತು ನೋಡಿದಳು. "ಇಲ್ಲ, ಡಾಕ್ಟ್ರೇ. ಯಾರೂ ಹೇಳ್ಲಿಲ್ಲ," ಎಂದಳು. ಆಮೇಲೆ ನನ್ನ ಮುಖವನ್ನೂ ನೋಡಿದಳು. ಅದು ಯಾಕೆಂದು ನನಗೆ ಇಂದಿಗೂ ಗೊತ್ತಿಲ್ಲ, ಆಕೆಗೆ ನನ್ನ ಹಲ್ಲಿನ ಕಥೆ ತಿಳಿದಿರಲಿಲ್ಲ.

ಮರುದಿನ ನಾನು ಆ ಕತ್ತಲೆ ಕೋಣೆಗೆ ಹೋದೆ. ಜಗಳವಾಡುವುದೆಂದೇ ಹೋಗಿದ್ದೆ.

"ನಿಮಗೆ ಗೊತ್ತಿತ್ತು," ಎಂದೆ.

"ಅವಳು ಗಟ್ಟಿಯಾಗುತ್ತಾ ಅಂತ ಕೇಳಿದ್ಳು. ಗಟ್ಟಿಯಾಯ್ತು. ಎಷ್ಟು ಆಳಕ್ಕೆ ಅಂತ ಕೇಳ್ಲಿಲ್ಲ."

"ಕೇಳ್ಬೇಕು ಅಂತ ಗೊತ್ತಿದ್ರೆ ತಾನೇ ಕೇಳೋದು?"

"ನನಗೆ ಯಾರು ಹೇಳಿದ್ರು, ಉಸ್ತಾಜ್? ನಾನು ಜನರ ಹಲ್ಲು ಹಾಳು ಮಾಡಿ, ಅವರ ಕೈಲಿ ಬೈಸಿಕೊಂಡು ಕಲಿತೆ."

"ಆ ಮುದುಕರ ಕಣ್ಣು ಹೋಗ್ತಿರೋದೂ ನಿಮಗೆ ಗೊತ್ತಿತ್ತು."

ಅವರು ಕಪ್ಪು ಕಾಲುಚೀಲ ತೊಟ್ಟ ಸೀಸೆಯೊಂದನ್ನು ಮೇಜಿನ ಮೇಲೆ ಆಚೆ ಈಚೆ ಸರಿಸುತ್ತಿದ್ದರು. "ಇಷ್ಟು ಬೇಗ ಸೆಕೆ ಬರುತ್ತೆ ಅಂದ್ಕೊಂಡಿರ್ಲಿಲ್ಲ," ಎಂದರು ಕೊನೆಗೆ. "ಅವರು ನೋಡಿ ಆದ್ಮೇಲೆ, ಜುಲೈಗೋ ಆಗಸ್ಟ್‌ಗೋ ಬಿರಿಯುತ್ತೆ ಅಂದ್ಕೊಂಡಿದ್ದೆ."

ಮನುಷ್ಯ ದ್ರೋಹ ಮಾಡುವಾಗಲೂ ಇಷ್ಟು ಲೆಕ್ಕ ಹಾಕಿ, ಇಷ್ಟು ಕರುಣೆ ಬೆರೆಸಿ ಮಾಡಬಲ್ಲನೆಂದು ನಾನು ತಿಳಿದಿರಲಿಲ್ಲ. ಬಾಯಿಗೆ ಬಂದದ್ದನ್ನು ಅನ್ನಬೇಕೆಂದು ಎದ್ದೆ. ಅವರು ಕೂತಲ್ಲಿಂದಲೇ ತಲೆಯೆತ್ತಿ, "ನೀವೂ ಅಲ್ಲೇ ಕೂತಿದ್ರಲ್ಲ. ನಿಮ್ಮ ಬಾಯಿಯೊಳಗೇ ಅಲ್ವಾ ನಾನು ಹೇಳಿದ್ದು?" ಎಂದರು. ಎದ್ದವನು ಹಾಗೆಯೇ ಹೊರಗೆ ನಡೆದೆ, ಬೀದಿಯ ಬಿಸಿಲಿಗೆ ಕಣ್ಣು ಕುಕ್ಕಿತು.

ಇನ್ಸಾಫ್ ದೋಣಿಯ ಹಿಂಬದಿಯನ್ನು ಪೂರ್ತಿ ಕತ್ತರಿಸಿ ತೆಗೆದು ಹೊಸದಾಗಿ ಕಟ್ಟತೊಡಗಿದಳು. ಗುರುವಾರಗಳಂದು ಬರುವುದನ್ನು ನಿಲ್ಲಿಸಿದಳು, ಯಾರ ಮೇಲೂ ದೂರು ಹೇಳಲಿಲ್ಲ. ಮದುವೆಯ ಕಾಲ, ಹೊಟ್ಟೆಪಾಡಿನ ಮಣಿ ಕೆಲಸ ಬಿಡುವಂತಿರಲಿಲ್ಲ. ಕೆಲಸ ಮುಗಿದಾಗ ಅಕ್ಟೋಬರ್ ಬಂದಿತ್ತು. ಮುದುಕರ ಕಣ್ಣು ಜುಲೈಯಲ್ಲಿಯೇ ಮುಚ್ಚಿತ್ತು. ನಾನು ನೋಡಲು ಹೋದ ದಿನ ಅವರು ಮರ್ಜಾನವನ್ನು ತೊಡೆಯ ಮೇಲಿಟ್ಟುಕೊಂಡು ಹಿಂಬದಿಯನ್ನು ಬೆರಳಿನಲ್ಲಿ ಸವರುತ್ತಿದ್ದರು.

"ಸೋರೋದು ನಿಂತಿತಾ?" ಎಂದರು.

"ನಿಂತಿದೆ, ಅಪ್ಪ."

"ಬಣ್ಣ ಏನು ಬಳಿದಿದ್ದೀಯ?"

"ಕಪ್ಪು. ಮೊದಲಿದ್ದ ಹಾಗೇ."

"ಹೌದು," ಎಂದರು ಮುದುಕರು. "ಕಪ್ಪೇ ಕಾಣ್ತಿದೆ."

ಇನ್ಸಾಫ್ ನಗಲು ಪ್ರಯತ್ನಿಸಿ, ಆಗದೆ, ನನಗೆ ಕಾಫಿ ತರುತ್ತೇನೆಂದು ಒಳಗೆ ಹೋದಳು. ಬಹಳ ಹೊತ್ತು ಬರಲಿಲ್ಲ.

ಡಾಕ್ಟರ್ ಲುತ್ಫಿ ಕಳೆದ ಚಳಿಗಾಲದಲ್ಲಿ ತೀರಿಕೊಂಡರು. ಬೀದಿಯಲ್ಲಿ ಹಾಕಿದ ಶೋಕದ ಚಪ್ಪರದಲ್ಲಿ ಸಕ್ಕರೆಯಿಲ್ಲದ ಕಾಫಿ ಕುಡಿಯುತ್ತ ನಮ್ಮ ಗುಂಪಿನವರೆಲ್ಲ ಸಾಲಾಗಿ ಕೂತಿದ್ದೆವು. ಸಿದ್ಕಿ ಕಣ್ಣೊರೆಸಿಕೊಂಡು, "ಏನನ್ನೂ ಬಚ್ಚಿಡದೆ ಹೇಳಿಕೊಟ್ರು ಕಣ್ರೀ. ಅಂಥವರು ಇನ್ನು ಹುಟ್ಟಲ್ಲ," ಎಂದ. ಎಲ್ಲರೂ ತಲೆಯಾಡಿಸಿದರು. ನಾನೂ ತಲೆಯಾಡಿಸಿದೆ.

ಅಂಥವರು ಹುಟ್ಟುತ್ತಲೇ ಇರುತ್ತಾರೆ. ಎಲ್ಲ ಕಸುಬಿನಲ್ಲೂ, ಎಲ್ಲ ಊರಿನಲ್ಲೂ ಈ ಜಾತಿಯ ಗುರುಗಳಿದ್ದಾರೆ. ಕೈಲಾಗದವರಿಗೆ ಅವರು ತಮ್ಮ ಸರ್ವಸ್ವವನ್ನೂ ಧಾರೆಯೆರೆಯುತ್ತಾರೆ, ಏಕೆಂದರೆ ಅಲ್ಲಿ ಕಳೆದುಕೊಳ್ಳುವುದೇನೂ ಇಲ್ಲ. ತಮ್ಮನ್ನು ದಾಟಿ ಹೋಗಬಲ್ಲ ಒಬ್ಬ ಶಿಷ್ಯೆ ಎದುರಿಗೆ ಬಂದಾಗ ಮಾತ್ರ ಒಂಬತ್ತನ್ನು ಪ್ರೀತಿಯಿಂದ ಹೇಳಿಕೊಟ್ಟು ಹತ್ತನೆಯದರ ಹತ್ತಿರ ಮೌನವಾಗುತ್ತಾರೆ. ಅವರು ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಿರುವುದಿಲ್ಲ, ಆದ್ದರಿಂದ ಯಾವ ನ್ಯಾಯಾಸನದ ಮುಂದೆಯೂ ಅವರನ್ನು ನಿಲ್ಲಿಸಲಾಗುವುದಿಲ್ಲ. ಸತ್ತಾಗ ಊರೆಲ್ಲ ಅಳುತ್ತದೆ, ಆ ಅಳುವೂ ನಿಜವೇ. ಆ ಹತ್ತನೆಯದು ಗೊತ್ತಿದ್ದೂ ಸುಮ್ಮನಿದ್ದವನೊಬ್ಬ ಅವರ ಪಕ್ಕದಲ್ಲಿ ಯಾವಾಗಲೂ ಇರುತ್ತಾನೆ. ಇಂಥವರ ಚಿತ್ರವನ್ನು ಕೊನೆಗೆ ಬರೆಯುವವನೂ ಅವನೇ ಆಗಿರುತ್ತಾನೆ.